ಕೋಡಿಯಮಠದ ಅನ್ನ, ಹಿತ್ತಿಲ ಸೊಪ್ಪು

ಶಿಕಾರಿಪುರ, ಸೊರಬ ಎಂದ ಕೂಡಲೇ ಇತಿಹಾಸ ಬಲ್ಲವರ ಮನಸ್ಸು ಶಾಸನಗಳ ಕಡೆಗೆ ಹರಿಯುವುದು ಸಹಜ. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟವನ್ನು ೧೯೦೨ರಲ್ಲಿಯೂ ಎಂಟನೆಯ ಸಂಪುಟವನ್ನು ೧೯೦೪ರಲ್ಲಿಯೂ ಹೊರತಂದಾಗ, ಅವುಗಳ ದೊಡ್ಡ ಪಾಲನ್ನು ತುಂಬಿದ್ದು ಈ ಎರಡು ತಾಲ್ಲೂಕುಗಳ ಕಲ್ಲುಗಳೇ. ಕದಂಬರ ಹುಟ್ಟಿನ ಕಥೆಯನ್ನು ಕವಿ ಕುಬ್ಜನು ಕಾವ್ಯವಾಗಿಸಿ ಬರೆದ ತಾಳಗುಂದದ ಕಂಬ ಇಲ್ಲಿದೆ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆ ಇಲ್ಲಿದೆ. ಅಕ್ಕಮಹಾದೇವಿಯ ಉಡುತಡಿ ಇಲ್ಲಿದೆ. ಕುಪ್ಪಟೂರು, ಉದ್ರಿ, ಹಿರೇಆವಲಿಗಳು ಇಲ್ಲಿವೆ. ದಾನ ಕೊಟ್ಟವರ ಹೆಸರು, ಪಡೆದವರ ಹೆಸರು, ಭೂಮಿಯ ಎಲ್ಲೆ, ದಾನವನ್ನು ಅಳಿದವನಿಗೆ ಒದಗುವ ಪಾಪ, ಇವೆಲ್ಲವನ್ನೂ ಈ ಕಲ್ಲುಗಳು ಬಿಡದೆ ಹೇಳುತ್ತವೆ. ಆದರೆ ಆ ದಿನಗಳಲ್ಲಿ ಈ ಊರುಗಳ ಒಲೆಯ ಮೇಲೆ ಏನು ಬೇಯುತ್ತಿತ್ತು, ಅದನ್ನು ಬೇಯಿಸಿದವರು ಯಾರು ಎಂಬುದನ್ನು ಹೇಳುವಾಗ ಅವುಗಳ ದನಿ ತಗ್ಗುತ್ತದೆ. ನನಗೆ ದೊರೆತಿರುವ ಈ ಸ್ವಲ್ಪ ಹೊತ್ತಿನಲ್ಲಿ ಆ ತಗ್ಗಿದ ದನಿಗೆ ಕಿವಿಗೊಡಬೇಕೆಂದಿದ್ದೇನೆ.

ಇದಕ್ಕೊಂದು ನೆಪವುಂಟು. ಮಾಂಸ, ಮೀನು, ಮೊಟ್ಟೆಗಳನ್ನು ಮಾತ್ರವಲ್ಲದೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ಬಿಟ್ಟು, ಕೇವಲ ನೆಲದಲ್ಲಿ ಬೆಳೆದದ್ದನ್ನು ಉಣ್ಣಬೇಕೆಂಬ ಮಾತು ಇಂದು ನಮ್ಮ ಪಟ್ಟಣಗಳಲ್ಲಿಯೂ ಕೇಳಿಬರುತ್ತಿದೆ. ‘ವೀಗನ್’ ಎಂಬ ಹೆಸರನ್ನು ಇದಕ್ಕೆ ಇಟ್ಟವರು ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಸಂಗಾತಿಗಳು. ೧೯೪೪ರ ನವೆಂಬರಿನಲ್ಲಿ ಅವರು ಅಲ್ಲಿ ಒಂದು ಸಂಘವನ್ನು ಕಟ್ಟಿದರು. ಕೆಲವರು ಪ್ರಾಣಿದಯೆಯ ಕಾರಣಕ್ಕಾಗಿ ಈ ಊಟವನ್ನು ಮೆಚ್ಚುತ್ತಾರೆ, ಕೆಲವರು ಆರೋಗ್ಯದ ಕಾರಣಕ್ಕಾಗಿ. ನಮ್ಮವರಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳುಂಟು. ‘ಇದೆಲ್ಲ ನಮ್ಮ ಹಿರಿಯರು ಎಂದೋ ಮಾಡಿ ಬಿಟ್ಟದ್ದು’ ಎನ್ನುವವರು ಒಂದು ಕಡೆ. ‘ಇದು ಪರದೇಶದ ಗೀಳು, ಹಾಲಿಲ್ಲದ ಊಟ ಊಟವೇ?’ ಎನ್ನುವವರು ಇನ್ನೊಂದು ಕಡೆ. ಈ ಎರಡೂ ಅವಸರದ ಮಾತುಗಳೆಂದು ನನಗನ್ನಿಸುತ್ತದೆ. ದೇಶದ ಚರಿತ್ರೆಯನ್ನೆಲ್ಲ ಜಾಲಾಡುವುದರ ಬದಲು ಒಂದು ಪುಟ್ಟ ಸೀಮೆಯ ಒಲೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಹೆಚ್ಚು ತಿಳಿಯಾದೀತು.

ಈ ಸೀಮೆಯ ಚಹರೆಯನ್ನು ಮೊದಲು ನೆನೆಯೋಣ. ಶಿಕಾರಿಪುರ ಕುಮುದ್ವತಿಯ ದಡದ್ದು. ಮಲೆನಾಡು ಬಯಲಿಗೆ ಇಳಿಯುವ ಮೆಟ್ಟಿಲಿನಲ್ಲಿದೆ. ಸೊರಬ ದಂಡಾವತಿಯ ದಡದ್ದು. ಪಶ್ಚಿಮಕ್ಕೆ ಹೋದಂತೆಲ್ಲ ಕಾಡು ಒತ್ತಾಗುತ್ತದೆ. ಹೀಗಾಗಿ ಮೂಡಲ ಹಳ್ಳಿಗಳಲ್ಲಿ ಜೋಳ, ರಾಗಿಗಳ ರೊಟ್ಟಿಮುದ್ದೆ. ಪಡುವಲಲ್ಲಿ ಅಕ್ಕಿಯ ಕಡುಬು, ಗಂಜಿ, ಅನ್ನ. ಕೆರೆಗಳ ನಾಡಾದುದರಿಂದ ಎರಡು ಕಡೆಗೂ ಭತ್ತ ಸೇರಿಕೊಂಡಿತು. ಒಂದೇ ದಿನದ ನಡಿಗೆಯಲ್ಲಿ ರೊಟ್ಟಿಯ ಸೀಮೆಯಿಂದ ಕಡುಬಿನ ಸೀಮೆಗೆ ಹೋಗಬಹುದಾದ ಈ ಜಾಗದಲ್ಲಿ ಅಡಿಗೆಯೂ ಎರಡು ನಾಲಗೆಗಳನ್ನು ಬಲ್ಲದ್ದಾಗಿ ಬೆಳೆಯಿತು.

ಈಗ ಬಳ್ಳಿಗಾವೆಗೆ ಬರೋಣ. ಅಲ್ಲಿ ಕೆರೆಯ ಕೋಡಿಯ ಬಳಿ ದಕ್ಷಿಣಕೇದಾರೇಶ್ವರನ ಗುಡಿಯುಂಟು. ಅದಕ್ಕೆ ಸೇರಿದ ಮಠವೇ ಪ್ರಸಿದ್ಧವಾದ ಕೋಡಿಯಮಠ. ಕಳಚುರಿ ಬಿಜ್ಜಳನ ಕಾಲದ, ೧೧೬೨ರ ಶಾಸನವೊಂದು ಈ ಮಠವನ್ನು ಬಣ್ಣಿಸುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರು ದಾಸೋಹದ ಮಾತನಾಡುತ್ತಿದ್ದ ವರ್ಷಗಳೂ ಇವೇ. ಮಠದ ಆಚಾರ್ಯ ವಾಮಶಕ್ತಿಪಂಡಿತರು. ಶಾಸನ ಹೇಳುವ ಪ್ರಕಾರ ಅಲ್ಲಿ ಅಂಗಸಹಿತವಾಗಿ ವೇದಗಳ ಅಧ್ಯಯನ ನಡೆಯುತ್ತಿತ್ತು. ಹಲವು ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತಿತ್ತು. ಇಷ್ಟನ್ನು ಹೇಳಿ ಶಾಸನಕವಿ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಂಬವರಿಗೂ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಎಂಬವರಿಗೂ, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು ಎಂದು ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ ಇದು ತಡೆಯಿಲ್ಲದ ಅನ್ನದಾನದ ಸ್ಥಾನವೆನ್ನುತ್ತಾನೆ. ಅನಾಥ ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆನ್ನುತ್ತಾನೆ. ಕೊನೆಗೆ, ಸಕಲ ಜೀವಿಗಳಿಗೂ ಅಭಯ ಕೊಡುವ ಸ್ಥಾನವೆಂದು ಮುಗಿಸುತ್ತಾನೆ.

ವಿದ್ಯೆ, ಅನ್ನ, ಔಷಧ, ಅಭಯ, ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದ ಕಲ್ಲು ಇದು. ನಮ್ಮ ವಿದ್ವಾಂಸರು ವಿದ್ಯೆಯ ಭಾಗವನ್ನು ಎತ್ತಿ ಹೇಳಿ ಬಳ್ಳಿಗಾವೆಯನ್ನು ವಿಶ್ವವಿದ್ಯಾಲಯವೆಂದು ಕರೆದರು, ತಪ್ಪೇನಿಲ್ಲ. ಹತ್ತಿರದ ತಾಳಗುಂದದಲ್ಲಿಯೂ ಅದೇ ಶತಮಾನದ ಶಾಸನವೊಂದು ವೇದ ಕಲಿಸುವವರ ಜೊತೆಗೆ ಮಕ್ಕಳಿಗೆ ಕನ್ನಡ ಕಲಿಸುವವರಿಗೂ ದತ್ತಿ ಬಿಟ್ಟಿದೆ, ಕಲಿಯುವವರ ಊಟಕ್ಕೂ ಏರ್ಪಾಡು ಮಾಡಿದೆ. ಆದರೆ ನನ್ನ ಕುತೂಹಲ ಬೇರೆ. ಶೈವಯತಿ, ಜೈನ ಕ್ಷಪಣಕ, ವೇದಾಂತಿ ಪರಮಹಂಸ, ಕುರುಡ ಭಿಕ್ಷುಕ, ಕುಣಿಯುವವನು, ಇಷ್ಟು ಮಂದಿಯ ವ್ರತನೇಮಗಳೂ ಹಸಿವುಗಳೂ ಕೂಡುವ ಅಡಿಗೆಮನೆಯಲ್ಲಿ ಏನು ಬೇಯಬಹುದು? ಶಾಸನ ಅದನ್ನು ಹೇಳಿಲ್ಲ. ಊಹಿಸಬಹುದಾದದ್ದು ಇಷ್ಟೇ: ಬಗೆಬಗೆಯ ನಿಷೇಧಗಳು ಒಂದೆಡೆ ಸೇರಿದಾಗ ಉಳಿಯುವುದು ಅಕ್ಕಿ, ಬೇಳೆಕಾಳು, ಕಾಯಿ, ಸೊಪ್ಪು. ಎಲ್ಲರೂ ಉಣ್ಣಬಲ್ಲ ಅನ್ನವೆಂದರೆ ಎಲ್ಲಕ್ಕಿಂತ ಸರಳವಾದ ಅನ್ನವೇ ಸರಿ.

ಇದನ್ನು ಕೇಳಿದವರು, ‘ಹಾಗಾದರೆ ಕೋಡಿಯಮಠದ ಊಟ ಇಂದಿನ ಹಾಲಿಲ್ಲದ ಊಟವೇ’ ಎಂದು ಹಿಗ್ಗುವುದು ಬೇಡ. ಗುಡಿಯ ನೈವೇದ್ಯಕ್ಕೆ ತುಪ್ಪ ಬೇಕು. ಅಭಿಷೇಕಕ್ಕೆ ಹಾಲು, ಮೊಸರು, ಜೇನು ಬೇಕು. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ, ಸಲ್ಲೇಖನದಿಂದ ದೇಹ ಬಿಟ್ಟ ಜೈನ ಗಂಡಸರು, ಹೆಂಗಸರ ನೆನಪಿನ ನಿಷಿಧಿಕಲ್ಲುಗಳು ಸಾಲುಸಾಲಾಗಿವೆ. ಆಹಾರದ ವಿಷಯದಲ್ಲಿ ಅವರಷ್ಟು ಸೂಕ್ಷ್ಮವಾಗಿ ಯೋಚಿಸಿದವರು ವಿರಳ. ಮಾಂಸದೊಡನೆ ಜೇನನ್ನೂ ಬಿಟ್ಟರು, ಗೆಡ್ಡೆಗೆಣಸನ್ನು ಬಿಟ್ಟರು, ರಾತ್ರಿಯ ಊಟವನ್ನು ಬಿಟ್ಟರು, ಕಡೆಗೆ ವ್ರತವಾಗಿ ಊಟವನ್ನೇ ಬಿಟ್ಟರು. ಆದರೆ ಹಾಲುತುಪ್ಪಗಳನ್ನು ಹಿಂಸೆಯೆಂದು ಅವರ ಶಾಸ್ತ್ರ ತಳ್ಳಲಿಲ್ಲ. ಶರಣರ ದಾಸೋಹವೂ ಹಂಚಿ ಉಣ್ಣುವುದನ್ನು ಹೇಳಿತೇ ಹೊರತು ಹಾಲನ್ನು ಬಿಡುವುದನ್ನು ಹೇಳಲಿಲ್ಲ. ಹಾಲನ್ನು ದಯೆಯ ಹೆಸರಿನಲ್ಲಿ ಬಿಟ್ಟ ಸಂಪ್ರದಾಯ ಈ ಸೀಮೆಯ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಕಲ್ಲನ್ನು ಬಿಟ್ಟು ಓಲೆಗರಿಯ ಕಡೆಗೆ ತಿರುಗಿದರೂ ಇದೇ ಮಾತು. ಕನ್ನಡದಲ್ಲಿ ಅಡಿಗೆಯ ಬರವಣಿಗೆ ಬಹಳ ಹಳೆಯದು. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ೧೦೨೫ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷವೈದ್ಯಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವಿದೆ. ನೂರು ವರ್ಷದ ಅನಂತರ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟವನ್ನು ವಿಸ್ತರಿಸಿದನು. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸನು ಅಡಿಗೆಯ ಮೇಲೆಯೇ ‘ಸೂಪಶಾಸ್ತ್ರ’ವೆಂಬ ಷಟ್ಪದಿಯ ಕೃತಿಯನ್ನು ಬರೆದು ಬದನೆ, ಬಾಳೆ, ಹಲಸು, ಕಳಲೆಗಳಿಗೆ ಕಾವ್ಯದಲ್ಲಿ ಮಣೆ ಹಾಕಿದನು. ಸೊರಬಕ್ಕೆ ನೆರೆಯ ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರ ಬರುತ್ತದೆ.

ಇವೆಲ್ಲ ಬಹುಮಟ್ಟಿಗೆ ಉಳ್ಳವರ ಅಡಿಗೆಯ ಪುಸ್ತಕಗಳು. ಇವುಗಳಲ್ಲಿ ಹಾಲುತುಪ್ಪಗಳಿಗೆ ಬರವಿಲ್ಲ. ಒಂದು ನಿದರ್ಶನವನ್ನು ಕೊಡುತ್ತೇನೆ. ‘ಇಡ್ಡಲಿಗೆ’ ಎಂಬ ಮಾತು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ಬರುತ್ತದೆ. ‘ಲೋಕೋಪಕಾರ’ ಹೇಳುವ ಇಡ್ಡಲಿಗೆಯಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗನ್ನು ಕೂಡಿಸುತ್ತಾರೆ, ಅಕ್ಕಿಯ ಸುದ್ದಿಯಿಲ್ಲ. ಇಂದು ನಮ್ಮ ಮನೆಗಳಲ್ಲಿ ಆಗುವುದು ಅಕ್ಕಿ, ಉದ್ದು, ನೀರು, ಉಪ್ಪು ಇಷ್ಟರಿಂದಲೇ. ಅದನ್ನು ಹುಳಿಯೇರಿಸುವುದು ರಾತ್ರಿಯ ಗಾಳಿ. ಎಂದರೆ, ಸಾವಿರ ವರ್ಷದ ಹಿಂದಿನ ಇಡ್ಡಲಿಗೆ ಹಾಲಿನ ಹಂಗಿನಲ್ಲಿತ್ತು, ಇಂದಿನ ಇಡ್ಲಿ ಆ ಹಂಗನ್ನು ಕಳಚಿಕೊಂಡಿದೆ. ‘ಹಳೆಯದೆಲ್ಲ ಸಸ್ಯದ್ದು, ಹೊಸದೆಲ್ಲ ಕೆಟ್ಟದ್ದು’ ಎಂಬ ನಂಬಿಕೆಗೆ ಒಂದು ಇಡ್ಲಿಯೇ ಸಾಕಷ್ಟು ಉತ್ತರ. ಹಾಗೆಯೇ, ನಾವು ‘ಅಜ್ಜಿಯ ಕಾಲದ್ದು’ ಎಂದು ಹೇಳಿಕೊಳ್ಳುವ ಸಾರಿನ ಖಾರವೂ ಬಹಳ ಹಿಂದಿನದಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳಗಳು ಅಮೆರಿಕ ಖಂಡದಿಂದ ಕಡಲು ದಾಟಿ ಬಂದದ್ದು ಪೋರ್ಚುಗೀಸರ ಕಾಲದಿಂದೀಚೆಗೆ. ವಾಮಶಕ್ತಿಪಂಡಿತರ ಮಠದಲ್ಲಿ ಉಂಡವರಿಗೆ ಖಾರವೆಂದರೆ ಕಾಳುಮೆಣಸು, ಶುಂಠಿ ಮಾತ್ರ.

ಹಾಗಾದರೆ ಹಾಲಿಲ್ಲದ ಅಡಿಗೆ ಈ ಸೀಮೆಯಲ್ಲಿ ಇರಲೇ ಇಲ್ಲವೇ? ಇತ್ತು, ಹೇರಳವಾಗಿ ಇತ್ತು. ಅದು ಮಠದ ವ್ರತವಾಗಿ ಬರಲಿಲ್ಲ, ಅರಮನೆಯ ವಿಲಾಸವಾಗಿಯೂ ಬರಲಿಲ್ಲ. ಒಕ್ಕಲಿನ ಮನೆಯ ನಿರ್ವಾಹವಾಗಿ ಬಂತು. ಮಲೆನಾಡಿನ ಗಿಡ್ಡ ತಳಿಯ ಹಸುವನ್ನು ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ. ಚಿಕ್ಕ ಮೈ, ಗಟ್ಟಿ ಗೊರಸು, ಎಂತಹ ಮಳೆಗೂ ಜಗ್ಗದ ಜೀವ. ಆದರೆ ಕೊಡುವ ಹಾಲು ಕರುವಿಗೆ ಉಳಿಸಿ ಒಂದೆರಡು ಸೇರು. ಇಲ್ಲಿ ದನವನ್ನು ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕೆ, ಉಳುಮೆಗೆ. ಅಡಿಕೆಯ ತೋಟಕ್ಕೂ ಭತ್ತದ ಗದ್ದೆಗೂ ಕೊಟ್ಟಿಗೆಯ ಗೊಬ್ಬರವೇ ಜೀವ. ಕರೆದ ಸ್ವಲ್ಪ ಹಾಲು ಕೂಸಿಗೆ, ಬಾಣಂತಿಗೆ, ಕಾಯಿಲೆಯವರಿಗೆ, ಬಂದ ನೆಂಟರಿಗೆ. ಕಾಸಿದ ತುಪ್ಪ ಹಬ್ಬಕ್ಕೆ, ದೇವರಿಗೆ. ಇದ್ದ ದಿನ ಮಜ್ಜಿಗೆ. ಇಲ್ಲದ ದಿನ, ಅಂದರೆ ಎಷ್ಟೋ ದಿನ, ಅದೂ ಇಲ್ಲ. ಈ ಸೀಮೆಯ ಬಹುಪಾಲು ಜನ ಮಾಂಸ ಮೀನುಗಳನ್ನು ಉಣ್ಣುವವರೇ. ಆದರೆ ಅದು ಮಾರಿಹಬ್ಬಕ್ಕೆ, ಕೆರೆ ಬೇಟೆಗೆ, ಅಪರೂಪದ ದಿನಗಳಿಗೆ. ಉಳಿದ ದಿನಗಳ ಗಂಗಾಳದಲ್ಲಿ ಇದ್ದದ್ದು ಧಾನ್ಯ, ಕಾಳು, ಸೊಪ್ಪು, ಹುಳಿ. ಆ ಊಟಕ್ಕೆ ಯಾರೂ ಹೆಸರಿಡಲಿಲ್ಲ, ಬಡತನವೆಂದೇ ಕರೆದರು.

ಬಡತನವನ್ನು ನಾನು ಹೊಗಳಲಾರೆ. ಆದರೆ ಆ ಬಡತನದ ಒಳಗೆ ಒಂದು ವಿದ್ಯೆ ಬೆಳೆದದ್ದನ್ನು ಹೇಳದೆ ಹೋದರೆ ಅನ್ಯಾಯವಾದೀತು. ತುಪ್ಪವಿಲ್ಲದೆ ರುಚಿಯನ್ನು, ಹಾಲಿಲ್ಲದೆ ಪುಷ್ಟಿಯನ್ನು, ಸಂತೆಯಿಲ್ಲದೆ ತರಕಾರಿಯನ್ನು ಹುಡುಕಿಕೊಳ್ಳುವ ವಿದ್ಯೆ ಅದು.

ಹುರುಳಿಯ ಕಟ್ಟನ್ನೇ ನೋಡಿ. ಹುರುಳಿಯನ್ನು ನೆನೆಸಿ, ಧಾರಾಳವಾಗಿ ನೀರೆರೆದು, ಕಾಳು ಒಡೆಯುವವರೆಗೆ ಬೇಯಿಸುತ್ತಾರೆ. ಬಸಿದ ನೀರೇ ಕಟ್ಟು. ಅದನ್ನು ಮತ್ತೆ ಕುದಿಸಿ ಇಳಿಸಿ, ಹುಣಿಸೆಯ ಹುಳಿ ಬಿಟ್ಟು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು; ಬೆಂದ ಕಾಳು ಪಲ್ಯಕ್ಕೆ, ಹೆಚ್ಚಾದರೆ ಎತ್ತಿಗೆ. ಒಂದೇ ಕಾಳು ಮನುಷ್ಯನಿಗೂ ದುಡಿಯುವ ಎತ್ತಿಗೂ ಬಲ ಕೊಡುತ್ತದೆ. ಇಂದಿನ ಆಹಾರಶಾಸ್ತ್ರದ ಕೋಷ್ಟಕದಲ್ಲಿ ನೂರು ಗ್ರಾಂ ಹುರುಳಿಗೆ ಸುಮಾರು ೨೨ ಗ್ರಾಂ ಪ್ರೋಟೀನು. ಅಷ್ಟೇ ಅಕ್ಕಿಯಲ್ಲಿ ೭ ಗ್ರಾಮಿನ ಆಸುಪಾಸು. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆಯಾದ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಾದದ್ದು ಅಕ್ಕಿಯಲ್ಲಿದೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಹುರುಳಿಯ ಪಲ್ಯ, ರೊಟ್ಟಿಗೆ ಅಲಸಂದೆಯ ಸಾರು ಎಂದು ಜೋಡಿಸಿದವರಿಗೆ ಈ ಲೆಕ್ಕ ತಿಳಿದಿರಲಿಲ್ಲ. ಜೋಡಿ ಮಾತ್ರ ತಿಳಿದಿತ್ತು.

ಕಳಲೆಯದು ಇನ್ನೂ ನಾಜೂಕಿನ ವಿಷಯ. ಮುಂಗಾರು ಹಿಡಿದು ಬಿದಿರಿನ ಮೆಳೆಯಲ್ಲಿ ಮೊಳಕೆ ಮೂಡಿದಾಗ ಅದನ್ನು ತಂದು, ಸಿಪ್ಪೆ ಬಿಡಿಸಿ, ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನೀರಿನಲ್ಲಿ ಮುಳುಗಿಸಿಡುತ್ತಾರೆ. ದಿನವೂ ನೀರನ್ನು ಚೆಲ್ಲಿ ಹೊಸ ನೀರು ತುಂಬುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡನ್ನು ಹುಟ್ಟಿಸುವ ಅಂಶವಿರುವುದೆಂದು ರಸಾಯನಶಾಸ್ತ್ರ ಹೇಳುತ್ತದೆ. ಹೆಚ್ಚುವುದರಿಂದ, ನೆನೆಸುವುದರಿಂದ, ಚೆನ್ನಾಗಿ ಬೇಯಿಸುವುದರಿಂದ ಅದು ಕಳೆಯುತ್ತದೆ. ಚಂದ್ರಗುತ್ತಿಯ ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ತಾಯಿಯೊಬ್ಬರನ್ನು, ‘ಎಷ್ಟು ದಿನ ನೆನೆಸಬೇಕಮ್ಮ?’ ಎಂದು ನಾನು ಕೇಳಿದ್ದೆ. ‘ದಿನದ ಲೆಕ್ಕ ಎಂಥದ್ದು ತಮ್ಮಾ? ನೀರಿನ ವಾಸನೆ ನೋಡ್ಬೇಕು. ಮೂರು ನೀರು ಕಳೀಬೇಕು, ಅದೂ ಕಡಿಮೆ ಅಂದ್ರೆ’ ಎಂದರು. ಪ್ರಯೋಗಶಾಲೆಯ ಮಾತನ್ನೇ ಅವರು ಮೂಗಿನ ಭಾಷೆಯಲ್ಲಿ ಹೇಳಿದ್ದರು. ಬೇಯಿಸುವಾಗ ಮೊಳಕೆ ಬಂದ ಹೆಸರುಕಾಳು, ತೆಂಗಿನಕಾಯಿ ಸೇರಿದರೆ ಪಲ್ಯ ಸಿದ್ಧ.

ಕೆಸುವಿನದೂ ಹೀಗೆಯೇ. ಅದರ ಎಲೆಯಲ್ಲಿಯೂ ಗೆಡ್ಡೆಯಲ್ಲಿಯೂ ಕಣ್ಣಿಗೆ ಕಾಣದ ಸೂಜಿಯಂತಹ ಹರಳುಗಳುಂಟು. ಗಂಟಲು ತುರಿಸುವುದು ಅವುಗಳಿಂದ. ಹುಣಿಸೆಯನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಹಾಕಿ ನಿಧಾನವಾಗಿ ಬೇಯಿಸಿದಾಗ ಆ ತುರಿಕೆ ಅಡಗುತ್ತದೆ. ಮಳೆಗಾಲದ ಮರಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆಯ ರುಚಿಯ ಹಿಂದೆ ಈ ಎಚ್ಚರವಿದೆ. ಮಲೆನಾಡಿನ ಅಡಿಗೆಯಲ್ಲಿ ಹುಳಿಗೆ ಇಷ್ಟೊಂದು ಗೌರವವೇಕೆಂದು ಬಯಲುಸೀಮೆಯವರು ಹಾಸ್ಯ ಮಾಡುವುದುಂಟು. ಅಪ್ಪೆ, ಅಮಟೆ, ಮುರುಗಲು, ಉಪ್ಪಾಗೆ, ವಾಟೆ, ಹುಣಿಸೆ, ನಿಂಬೆ, ಒಂದೊಂದಕ್ಕೂ ಒಂದೊಂದು ಕಾಲ. ಮಜ್ಜಿಗೆ ಇಲ್ಲದ ದಿನ ಊಟದ ಕೊನೆಯನ್ನು ಕಾಯುವುದು ಅಪ್ಪೆಹುಳಿಯೇ. ಇದಕ್ಕೊಂದು ಆರೋಗ್ಯದ ಕಾರಣವೂ ಸೇರಿಕೊಂಡಿದೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ನಿಂಬೆಯಂತಹ, ನೆಲ್ಲಿಯಂತಹ ಹುಳಿಗಳಲ್ಲಿರುವ ‘ಸಿ’ ಜೀವಸತ್ತ್ವ ಜೊತೆಗೂಡಿದರೆ ಹೆಚ್ಚು ಹತ್ತುತ್ತದೆ.

ಇನ್ನು ಸೊಪ್ಪು. ಹೊನಗೊನೆ, ಕನ್ನೆ, ಅಣ್ಣೆ, ಚಗತೆ, ಒಂದೆಲಗ, ಬಸಳೆ, ಹರಿವೆ, ಇವುಗಳಲ್ಲಿ ಬಿತ್ತಿ ಬೆಳೆದವು ಕಡಿಮೆ. ಬದುವಿನ ಮೇಲೆ, ಹಿತ್ತಿಲ ಮೂಲೆಯಲ್ಲಿ ತಾವಾಗಿ ಬಂದವೇ ಹೆಚ್ಚು. ನಾಲ್ಕಾರನ್ನು ಒಟ್ಟಿಗೆ ಚಿವುಟಿ ತಂದರೆ ಬೆರಕೆ ಸೊಪ್ಪು. ಈ ಬೆರಕೆ ಸೊಪ್ಪು ಬಡವರ ಗಂಗಾಳದಿಂದ ಎದ್ದು ಪೂಜೆಯ ಪೀಠಕ್ಕೆ ಏರುವ ಒಂದು ದಿನವುಂಟು. ಅದು ಆಶ್ವಯುಜ ಮಾಸದ ಹುಣ್ಣಿಮೆ, ನಮ್ಮ ಕಡೆಯ ಭೂಮಿ ಹುಣ್ಣಿಮೆ. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಒಕ್ಕಲಿಗನ ಕಣ್ಣಿಗೆ ಭೂಮಿ ಆಗ ತುಂಬಿದ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಡವೇ? ಹಿಂದಿನ ದಿನವೇ ಹೆಂಗಸರು ಹೊಲ, ಬೇಲಿ, ಕಾಡಂಚುಗಳನ್ನೆಲ್ಲ ಸುತ್ತಿ ಬಗೆಬಗೆಯ ಸೊಪ್ಪು ಕುಡಿಗಳನ್ನು ತರುತ್ತಾರೆ. ನೂರೊಂದು ಬಗೆ ಎಂಬುದು ಮಾತಿನ ಲೆಕ್ಕ. ಅಮಟೆಕಾಯಿ, ಹಾಗಲಕಾಯಿ ಸೇರುತ್ತವೆ. ರಾತ್ರಿಯೆಲ್ಲ ಬೇಯಿಸಿದ ಈ ಹಚ್ಚಂಬಲಿಯನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಸೊರಬ, ಸಾಗರಗಳ ದೀವರ ಮನೆಗಳಲ್ಲಿ ಅದನ್ನು ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳುಪಿನಲ್ಲಿ ಹೆಂಗಸರು ಬರೆಯುವ ಚಿತ್ತಾರ ಇಂದು ಕಲೆಯೆಂದು ಹೆಸರಾಗಿದೆ. ಬುಟ್ಟಿಯ ಚಿತ್ತಾರವನ್ನು ನೋಡಿದವರು ಬುಟ್ಟಿಯೊಳಗಿನ ಸೊಪ್ಪನ್ನೂ ನೋಡಬೇಕು. ಹಚ್ಚಂಬಲಿಯ ಜೊತೆಗೆ ಹಾಲಂಬಲಿಯ ಹೆಸರೂ ಅಂದು ಕೇಳುತ್ತದೆ. ಹಾಲು ಹಬ್ಬದ ಸಿರಿ, ಸೊಪ್ಪು ದಿನದ ಬಾಳು ಎಂಬುದು ಆ ಎರಡು ಹೆಸರುಗಳಲ್ಲಿಯೇ ಇದೆ. ತಾಯಿ ಬಸುರಿಯಾದಾಗ ಅವಳಿಗೆ ಹಲವು ಬಗೆಯ ಸೊಪ್ಪು ಬೇಕೆಂಬ ತಿಳಿವಳಿಕೆಯನ್ನು ಯಾವ ಆರೋಗ್ಯ ಇಲಾಖೆಯೂ ಇಷ್ಟು ಸೊಗಸಾಗಿ ಸಾರಿರಲಾರದು.

ಕಾಡಂಚಿನ ಈ ಅಡಿಗೆಗೆ ಒಂದು ಭಯದ ಮುಖವೂ ಇದೆ. ಆರೋಗ್ಯದ ಮಾತೆತ್ತಿದ ಮೇಲೆ ಅದನ್ನು ಮರೆಮಾಡಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ೧೯೫೭ರಲ್ಲಿ ಲೋಕದ ವೈದ್ಯಶಾಸ್ತ್ರಕ್ಕೆ ಸೇರಿತು. ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ಉಣ್ಣೆ ಕಚ್ಚುವುದರಿಂದ ಹರಡುವ ಆ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಳಲೆ, ಮರಕೆಸು, ಅಣಬೆಗಳು ಮಳೆಗಾಲದವು. ಆದರೆ ಅಪ್ಪೆಮಿಡಿ, ಮುರುಗಲುಗಳನ್ನು ಆರಿಸುವುದು, ಸೌದೆ ದರಗು ತರುವುದು ಬೇಸಗೆಯ ಕೆಲಸ. ಒಂದು ಹುಳಿಯ ರುಚಿಯ ಹಿಂದೆ ಯಾರೋ ಹೆಂಗಸೊಬ್ಬಳು ಅಂಜುತ್ತ ಕಾಡಿಗೆ ಹೋಗಿ ಬಂದಿರಬಹುದೆಂಬುದನ್ನು ಪಟ್ಟಣದಲ್ಲಿ ಕುಳಿತು ಉಣ್ಣುವವರು ನೆನೆಯುವುದು ಒಳ್ಳೆಯದು.

ಕಳೆದ ಶತಮಾನದಲ್ಲಿ ಈ ಅಡಿಗೆ ಬದಲಾಯಿತು. ಮನೆಯ ಒರಳು, ಒನಕೆ ಮೂಲೆ ಸೇರಿ ಅಕ್ಕಿಯ ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ದೊರೆಯಿತು. ಅದನ್ನು ಹಳಿಯುವ ಹಕ್ಕು ಒನಕೆ ಹಿಡಿಯದ ಗಂಡಸರಿಗಿಲ್ಲ. ಆದರೆ ತೌಡಿನೊಡನೆ ಅಕ್ಕಿಯ ‘ಬಿ’ ಜೀವಸತ್ತ್ವವೂ ಹೊರಟುಹೋಯಿತು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕುಸುಬಲಕ್ಕಿಯಲ್ಲಿ ಆ ಸತ್ತ್ವ ಕಾಳಿನೊಳಕ್ಕೆ ಇಳಿದು ಬಹುಪಾಲು ಉಳಿಯುತ್ತದೆ. ಗಂಜಿಗೆ ಅದೇ ಅಕ್ಕಿ ಬೇಕೆಂದು ಹಿರಿಯರು ಹಟ ಹಿಡಿದದ್ದರಲ್ಲಿ ಅರ್ಥವಿತ್ತು. ಹೊಲಕ್ಕೆ ಮೆಕ್ಕೆಜೋಳ, ಶುಂಠಿ ಬಂದಂತೆ ಹುರುಳಿ, ಹುಚ್ಚೆಳ್ಳು, ನವಣೆಗಳು ಹಿಂದೆ ಸರಿದವು. ಕಳೆನಾಶಕವನ್ನು ಸಿಂಪಡಿಸಿದ ಬದುವಿನಲ್ಲಿ ಬೆರಕೆ ಸೊಪ್ಪನ್ನು ಎಲ್ಲಿ ಹುಡುಕುವುದು?

ಇಂದು ಹಾಲನ್ನು ಬಿಟ್ಟು ಅಡಿಗೆ ಮಾಡಬೇಕೆನ್ನುವವರು ಪೇಟೆಯಲ್ಲಿ ಬಾದಾಮಿಯ ಹಾಲನ್ನು ಹುಡುಕುತ್ತಾರೆ. ಅವರಿಗೆ ಈ ಸೀಮೆಯ ಒಲೆ ಹೇಳುವುದು ಸುಲಭದ ಮಾತು. ಬೆಳಿಗ್ಗೆ ಅಕ್ಕಿಯ ಕಡುಬು, ಹುಚ್ಚೆಳ್ಳಿನ ಚಟ್ನಿ. ಮಧ್ಯಾಹ್ನ ಕುಸುಬಲಕ್ಕಿಯ ಅನ್ನ, ಹುರುಳಿಯ ಕಟ್ಟಿನ ಸಾರು, ಬೆರಕೆ ಸೊಪ್ಪಿನ ಪಲ್ಯ, ಕೊನೆಗೆ ಅಪ್ಪೆಹುಳಿ. ರಾತ್ರಿ ರಾಗಿಯ ಅಂಬಲಿ ಅಥವಾ ಜೋಳದ ರೊಟ್ಟಿ, ಎಳೆಹಲಸಿನ ಅಥವಾ ಬದನೆಯ ಪಲ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಸುಣ್ಣದ ಅಂಶವುಂಟು. ಕಪ್ಪೆಳ್ಳಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ತೆಂಗಿನಕಾಯಿಯ ಹಾಲು ಪಾಯಸಕ್ಕೆ ಒದಗುತ್ತದೆ. ಇದರಲ್ಲಿ ಪರದೇಶದಿಂದ ತರಿಸುವಂಥದು ಯಾವುದೂ ಇಲ್ಲ.

ಆದರೆ ಒಂದು ಕೊರತೆಯನ್ನು ಅಭಿಮಾನದಿಂದ ಮುಚ್ಚಲಾಗದು. ‘ಬಿ-೧೨’ ಎಂಬ ಜೀವಸತ್ತ್ವ ಸಸ್ಯಗಳಿಂದ ನೆಚ್ಚುವಷ್ಟು ದೊರೆಯುವುದಿಲ್ಲ. ಹಾಲನ್ನು ಪೂರ್ತಿ ಬಿಟ್ಟವರು ಅದನ್ನು ಮಾತ್ರೆಯಾಗಿಯೋ ಬೇರೆ ರೀತಿಯಾಗಿಯೋ ಪಡೆಯಲೇಬೇಕು. ಬಸುರಿಯರು, ಚಿಕ್ಕ ಮಕ್ಕಳು ವೈದ್ಯರನ್ನು ಕೇಳದೆ ಇಂಥ ವ್ರತಕ್ಕೆ ಇಳಿಯಬಾರದು. ಗಾಂಧೀಜಿಯವರು ೧೯೧೨ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ಬಿಟ್ಟವರು. ಮುಂದೆ ಕಠಿಣ ಕಾಯಿಲೆಯಿಂದ ಕೃಶರಾದಾಗ ಆಡಿನ ಹಾಲಿಗೆ ಒಪ್ಪಬೇಕಾಯಿತು. ಹಾಲಿಗೆ ಸಮನಾದ ಸಸ್ಯವೊಂದನ್ನು ಕಂಡುಹಿಡಿಯಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. ನಮ್ಮ ಹಳ್ಳಿಯ ತಾಯಂದಿರು ಕೂಸಿಗೂ ಬಾಣಂತಿಗೂ ಹಾಲನ್ನು ಎತ್ತಿಟ್ಟದ್ದರಲ್ಲಿಯೂ ಇಂಥದೇ ಒಂದು ವಿವೇಕವಿತ್ತು.

ಹೀಗಾಗಿ ಮೊದಲು ಹೇಳಿದ ಎರಡು ಉತ್ತರಗಳೂ ನಿಲ್ಲಲಾರವು. ಹಾಲನ್ನು ಬಿಡುವ ವ್ರತ ನಮ್ಮ ಹಿರಿಯರದಲ್ಲ. ಆದರೆ ಹಾಲಿಲ್ಲದೆ ಚೆನ್ನಾಗಿ ಉಣ್ಣುವ ವಿದ್ಯೆ ನಮ್ಮ ಹಿರಿಯರದೇ. ವ್ರತ ಪುಸ್ತಕದಲ್ಲಿ ಉಳ್ಳದ್ದು, ಯಾರು ಬೇಕಾದರೂ ಓದಿ ಹಿಡಿಯಬಹುದು. ವಿದ್ಯೆ ಕೈಯಲ್ಲಿ ಉಳ್ಳದ್ದು. ಕೈಯಿಂದ ಕೈಗೆ ದಾಟದಿದ್ದರೆ ಹೋಗಿಯೇ ಹೋಯಿತು. ಕಳಲೆಗೆ ಎಷ್ಟು ನೀರು, ಕೆಸುವಿಗೆ ಎಷ್ಟು ಹುಳಿ, ಯಾವ ಸೊಪ್ಪನ್ನು ಯಾವ ತಿಂಗಳಲ್ಲಿ ಚಿವುಟಬಾರದು ಎಂಬುದು ಚಾವುಂಡರಾಯನ ಪುಸ್ತಕದಲ್ಲಿ ಅಡಗಿದ ವಿದ್ಯೆಯಲ್ಲ. ಕೋಡಿಯಮಠದ ಶಾಸನದಲ್ಲಿ ದಾನ ಕೊಟ್ಟ ಅರಸನ ಹೆಸರಿದೆ, ಪಡೆದ ಆಚಾರ್ಯರ ಹೆಸರಿದೆ. ದಿನವೂ ಅಷ್ಟು ಜನಕ್ಕೆ ಅಕ್ಕಿ ಕುಟ್ಟಿದವರ, ಸೊಪ್ಪು ಸೋಸಿದವರ ಹೆಸರಿಲ್ಲ. ಎಂಟುನೂರು ವರ್ಷದ ಹಿಂದಿನ ಆ ಮರೆವನ್ನು ಸರಿಪಡಿಸುವ ಶಕ್ತಿ ನಮಗಿಲ್ಲ. ನಮ್ಮ ಕಾಲದ್ದನ್ನು ಸರಿಪಡಿಸಲು ಮಾತ್ರ ಒಂದು ನೋಟ್‌ಬುಕ್ಕೂ ಮನೆಯ ಹಿರಿಯ ಹೆಂಗಸಿನ ಪಕ್ಕದಲ್ಲಿ ಒಂದು ಮಣೆಯೂ ಸಾಕು.